ಡೀಸೆಲ್ ಬಾರದೇ ಹೋದರೆ ನಮ್ಮೂರಲ್ಲಿ ಯಾರಿಗೆ ಏನು ಬರುತ್ತೆ? ಹಳೇ ಕಸುಬುಗಳ ಬಗ್ಗೆ ಒಂದು ಚರ್ಚೆ

ಹೊಸದುರ್ಗದವ

ಪ್ರಳಯ ಬರುತ್ತೆ ಅಂತ ಹೆದರಿಸೋರ ಪೈಕಿ ನಾನಲ್ಲ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಮರುವರ್ಷ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಎಷ್ಟೋ ಊರಿಗೆ ದಾರಿಯೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಅದು ದಿನಗಳ, ವಾರಗಳ ಮಾತು. ಹೊರಗಿನಿಂದ ಲಾರಿ ಬಂತು, ಅಕ್ಕಿ ಬಂತು, ಜನರೇಟರ್ ಬಂತು. ಹೊರಗೂ ಅದೇ ಪರಿಸ್ಥಿತಿ ಇದ್ದು, ಎರಡು ವರ್ಷ ಯಾರೂ ಬರದಿದ್ದರೆ ಏನು ಗತಿ?

ನಮ್ಮ ಹೋಬಳಿಯಲ್ಲಿ ಲೆಕ್ಕ ಹಾಕಿದೆ. ಕುಲುಮೆ ಉರಿಯೋದು ಒಂದೇ ಊರಲ್ಲಿ. ಬೀಜ ಬಿತ್ತೋ ಕೂರಿಗೆ ಮಾಡಬಲ್ಲ ಬಡಿಗ ಒಬ್ಬರಿದ್ದಾರೆ, ಕಣ್ಣು ಮಂಜಾಗಿದೆ. ಎತ್ತಿಗೆ ಲಾಳ ಕಟ್ಟೋರು ಸಂತೆಗೂ ಬರೋದು ನಿಲ್ಲಿಸಿದ್ದಾರೆ. ಹಗ್ಗ ಹೊಸೆಯೋದು ಕೆಲವು ಅಜ್ಜಂದಿರಿಗೆ ಗೊತ್ತು. ಇವರನ್ನೆಲ್ಲ ವಿಡಿಯೋ ಮಾಡಿ, ಅಳತೆ ಬರೆದಿಟ್ಟು, ಪಂಚಾಯ್ತಿ ಗ್ರಂಥಾಲಯದಲ್ಲಿ ಇಡೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೀವಿ. ಯಾವ ಕಸುಬಿನಿಂದ ಶುರು ಮಾಡಬೇಕು? ಅನುಭವ ಇರೋರು ಹೇಳಿ.

ಪಿಕ್ಸೆಲ್ ಪುಟ್ಟ

ಸರ್, ಇದಕ್ಕೆ ಇಷ್ಟು ಕಷ್ಟ ಯಾಕೆ? ಯೂಟ್ಯೂಬಲ್ಲಿ ಎಲ್ಲ ಇದೆ. ನಾಲ್ಕು ಟೆರಾಬೈಟ್ ಹಾರ್ಡ್ ಡಿಸ್ಕ್, ಒಂದು ಸೋಲಾರ್ ಪ್ಯಾನಲ್, ಹಳೇ ಲ್ಯಾಪ್‌ಟಾಪ್. ವಿಕಿಪೀಡಿಯಾ ಪೂರ್ತಿ ಆಫ್‌ಲೈನ್ ಸಿಗುತ್ತೆ. ಬೇಕಾದಾಗ ನೋಡಿ ಕಲಿತರಾಯ್ತು.

ಕುಲುಮೆ ಮನೆ

ನಮ್ಮದು ಕಮ್ಮಾರರ ಮನೆ. ನಾನು ಪೀಣ್ಯದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸೋ ಲೋಹ ಕತ್ತರಿಸೋ ಯಂತ್ರದ ಆಪರೇಟರ್. ತಮ್ಮ ಊರಲ್ಲಿ ಇನ್ನೂ ಸುತ್ತಿಗೆ ಹಿಡೀತಾನೆ. ಪುಟ್ಟ ಅವರಿಗೆ ಒಂದು ಮಾತು.

ಮಚ್ಚು ಬಡಿಯೋದನ್ನ ವಿಡಿಯೋ ನೋಡಿ ಕಲೀಬಹುದು, ನಿಜ. ಹದ ಹಾಕೋದನ್ನ ಕಲಿಯೋಕಾಗಲ್ಲ. ಈಗ ಊರ ಕುಲುಮೆಗಳಲ್ಲಿ ಯಾರೂ ಅಂಗಡಿ ಕಬ್ಬಿಣ ತರಲ್ಲ, ಗುಜರಿಯಿಂದ ಲಾರಿ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ ತರ್ತಾರೆ. ಅದು ಒಳ್ಳೇ ಉಕ್ಕು. ಅದನ್ನ ಇದ್ದಿಲಲ್ಲಿ ಕಾಯಿಸಿ, ಕೆಂಪಿಗೂ ಕಿತ್ತಳೆಗೂ ನಡುವಿನ ಒಂದು ಬಣ್ಣಕ್ಕೆ ಬಂದಾಗ ತೆಗೀಬೇಕು. ಪುಸ್ತಕದ ಲೆಕ್ಕದಲ್ಲಿ ಅದು ಅಯಸ್ಕಾಂತ ಅಂಟೋದು ನಿಲ್ಲೋ 770 ಡಿಗ್ರಿಗಿಂತ ಸ್ವಲ್ಪ ಮೇಲೆ. ಆ ಬಣ್ಣ ಕಾಣಲಿ ಅಂತಲೇ ಕುಲುಮೆ ಕತ್ತಲಲ್ಲಿರೋದು. ಬಿಸಿಲಲ್ಲಿ ನೋಡಿದರೆ ಅದೇ ಕಬ್ಬಿಣ ತಣ್ಣಗಿದ್ದಂಗೆ ಕಾಣುತ್ತೆ, ಇನ್ನೂ ಕಾಯಿಸ್ತೀರಿ, ಉಕ್ಕು ಹಾಳು. ಮೊಬೈಲ್ ಕ್ಯಾಮರಾ ಅಂತೂ ತನ್ನಷ್ಟಕ್ಕೆ ತಾನೇ ಬೆಳಕು ಹೊಂದಿಸಿಕೊಂಡು ಆ ಬಣ್ಣವನ್ನ ಹಳದಿ ಮಾಡಿ ತೋರಿಸುತ್ತೆ.

ಆಮೇಲೆ ಅದ್ದೋದು. ಪಾಟಾವನ್ನ ಪೂರ್ತಿ ನೀರಿಗೆ ಅದ್ದಿದರೆ ಎಷ್ಟೋ ಸಲ ಟಣ್ ಅಂತ ಸೀಳುತ್ತೆ. ಎಣ್ಣೆ ಬೇಕು. ನಮ್ಮಲ್ಲಿ ಹೊಂಗೆ ಎಣ್ಣೆ ಇಡ್ತಾರೆ. ಅದ್ದಿ ತೆಗೆದ ಮೇಲೆ ಅಲಗು ಗಾಜಿನ ಹಾಗೆ, ಬಿದ್ದರೆ ಮುರಿಯುತ್ತೆ. ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮತ್ತೆ ಮೆಲ್ಲಗೆ ಕಾಯಿಸಬೇಕು. ಮೊದಲು ಒಣಹುಲ್ಲಿನ ಬಣ್ಣ ಓಡಿ ಬರುತ್ತೆ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಕುಡುಗೋಲಿಗೆ ಹುಲ್ಲು ಬಣ್ಣ ದಾಟಿ ಕಂದು ಬರೋವಾಗ ನಿಲ್ಲಿಸಬೇಕು. ಏಟು ತಿನ್ನೋ ಉಳಿಗೆ ನೇರಳೆ. ನೀಲಿಗೆ ಹೋಯ್ತೋ, ಬಾಗುತ್ತೆ, ಅಂಚು ನಿಲ್ಲಲ್ಲ. ಆ ಬಣ್ಣ ಓಡೋಕೆ ತಗೊಳ್ಳೋದು ಕೆಲವೇ ಕ್ಷಣ. ಅಪ್ಪ ಪಕ್ಕದಲ್ಲಿ ನಿಂತು "ಈಗ!" ಅಂತ ಬೈದರೇನೇ ಅದು ಕಣ್ಣಿಗೆ ಹತ್ತೋದು.

ಹೊಸದುರ್ಗದವರು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ಕುಲುಮೆಯಿಂದ ಶುರು ಮಾಡಿ. ಕುಲುಮೆ ಇಲ್ಲದಿದ್ದರೆ ಬಡಿಗನಿಗೆ ಉಳಿ ಇಲ್ಲ, ಕಲ್ಲು ಒಡೆಯೋನಿಗೆ ಚಾಣ ಇಲ್ಲ, ರೈತನಿಗೆ ಕುಳ ಇಲ್ಲ.

ಇತಿಹಾಸ ಮೇಷ್ಟ್ರು

ನಿಜಕ್ಕೂ ಹೀಗೆ ಆದ ಎರಡು ಕಡೆಯ ಕಥೆ ಹೇಳುತ್ತೇನೆ.

ಒಂದು ಬ್ರಿಟನ್. ಕ್ರಿ.ಶ. 410ರ ಸುಮಾರಿಗೆ ರೋಮನ್ ಆಡಳಿತ ಅಲ್ಲಿಂದ ಕಾಲ್ತೆಗೆಯಿತು. ಅದುವರೆಗೆ ಸಾಮಾನ್ಯ ರೈತನ ಮನೆಯಲ್ಲೂ ಚಕ್ರದ ಮೇಲೆ ಮಾಡಿದ ಗಟ್ಟಿ ಮಡಕೆ ಇರುತ್ತಿತ್ತು, ಹೆಂಚಿನ ಮನೆಗಳಿದ್ದವು. ಒಂದೆರಡು ತಲೆಮಾರಿನಲ್ಲಿ ಕುಂಬಾರನ ತಿರುಗುವ ಚಕ್ರವೇ ಆ ದ್ವೀಪದ ಬಹುಭಾಗದಿಂದ ಮಾಯವಾಯಿತು. ಜನ ಕೈಯಲ್ಲೇ ತಟ್ಟಿ, ಅರೆಬರೆ ಸುಟ್ಟ ಮಡಕೆಗೆ ಬಂದರು. ಚಕ್ರ ಏನು ರಾಕೆಟ್ಟೇ? ಮರೆಯುವಂಥದ್ದಲ್ಲ. ಆದರೆ ಚಕ್ರದ ಕುಂಬಾರ ಬದುಕುತ್ತಿದ್ದದ್ದು ದೂರದ ಪೇಟೆ, ಸೈನ್ಯದ ಠಾಣೆ, ನಾಣ್ಯದ ವ್ಯವಹಾರ ನಂಬಿ. ಅವು ನಿಂತವು, ಗಿರಾಕಿ ನಿಂತ, ಅವನ ಮಗ ಹೊಲಕ್ಕೆ ಹೋದ.

ಇನ್ನೊಂದು ನಮ್ಮ ಕಣ್ಣೆದುರೇ ಆದ ಕ್ಯೂಬಾ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕ್ಯೂಬಾಕ್ಕೆ ಬರುತ್ತಿದ್ದ ಎಣ್ಣೆ, ಗೊಬ್ಬರ, ಟ್ರಾಕ್ಟರ್ ಬಿಡಿಭಾಗ ಎಲ್ಲ ಹೆಚ್ಚುಕಡಿಮೆ ಒಟ್ಟಿಗೇ ನಿಂತವು. ದೊಡ್ಡ ಸರ್ಕಾರಿ ಫಾರಂಗಳ ಟ್ರಾಕ್ಟರುಗಳು ಶೆಡ್ಡಿನಲ್ಲಿ ತುಕ್ಕು ಹಿಡಿದವು. ಆಗ ಎತ್ತುಗಳು ಬೇಕಾದವು. ಎತ್ತು ಪಳಗಿಸುವುದು, ನೊಗ ಕೆತ್ತುವುದು ಗೊತ್ತಿದ್ದದ್ದು ಯಾರಿಗೆ? ಫಾರಂಗಳಿಗೆ ಸೇರದೆ ತಮ್ಮ ತುಂಡು ಭೂಮಿಯಲ್ಲಿ ಹಳೇ ರೀತಿ ಉಳುತ್ತಿದ್ದ ಸಣ್ಣ ರೈತರಿಗೆ. ಅವರೇ ಮೇಷ್ಟ್ರುಗಳಾದರು, ಲಕ್ಷಗಟ್ಟಲೆ ಎತ್ತುಗಳು ಮತ್ತೆ ಹೊಲಕ್ಕಿಳಿದವು. ಆ ರೈತರು ಅದನ್ನು 'ಉಳಿಸಿ'ಕೊಂಡಿದ್ದು ಯಾವ ಆಪತ್ಕಾಲದ ಯೋಜನೆಯಿಂದಲೂ ಅಲ್ಲ. ಅವರಿಗೆ ದಿನಾ ಅದು ಬೇಕಿತ್ತು, ಅಷ್ಟೆ.

ಬಾಗಲಕೋಟಿ ಹುಡುಗ

ಮೇಷ್ಟ್ರ ಎತ್ತಿನ ಮಾತು ಖರೇ ಅದರಿ. ನಮ್ಮ ಕಡೆ ಈಗೂ ಎತ್ತು ಅದಾವ, ಕಾರಹುಣ್ಣಿಮಿಗೆ ಸಿಂಗಾರ ಮಾಡಾಕ. ಬಿತ್ತೂದು ಟ್ರಾಕ್ಟರ್. ಕೂರಿಗಿ ಹಿಡಿಯಾವರು ನಮ್ಮೂರಾಗ ಬೆರಳೆಣಿಕಿ ಮಂದಿ.

ಕೂರಿಗಿ ಅಂದ್ರ ಸಣ್ಣ ವಸ್ತು ಅಲ್ಲರಿ. ಮ್ಯಾಲೆ ಬಟ್ಟಲ, ಅದರಿಂದ ಬಿದಿರಿನ ಕೊಳವಿ ನೆಲ ಸೀಳೂ ಒಂದೊಂದು ತಾಳಿಗೆ ಇಳೀತಾವ. ಕಾಳು ಸಮ ಬೀಳಬೇಕಂದ್ರ ಬಟ್ಟಲದ ತೂತು ಒಂದಕ್ಕೊಂದು ಸರಿ ಇರಬೇಕು, ಕೊಳವಿ ಇಳುಕಲು ಸರಿ ಇರಬೇಕು. ತಾಳಿನ ಬಾಗು ಜಾಸ್ತಿ ಆದ್ರ ಆಳಕ್ಕ ಹೋಗಿ ಕಾಳು ಮೊಳಿಯಂಗಿಲ್ಲ, ಕಮ್ಮಿ ಆದ್ರ ಹಕ್ಕಿ ತಿಂತಾವ. ಅದೂ ಕರಿಮಣ್ಣಿನ ಎರಿ ಹೊಲಕ್ಕ ಬ್ಯಾರೆ, ಕೆಂಪು ಮಣ್ಣಿನ ಮಸಾರಿಗೆ ಬ್ಯಾರೆ. ನಮ್ಮ ಬಡಗ್ಯಾರ ಅಜ್ಜ ಟೇಪ ಹಿಡಿದದ್ದು ನಾ ನೋಡಿಲ್ಲ. ಗೇಣು, ಬೆರಳು, ಅಷ್ಟ. ಕಟ್ಟಿಗಿ ಜಾಲಿದು. ಅದನ್ನ ಯಾವಾಗ ಕಡೀಬೇಕು, ಎಷ್ಟು ದಿನ ನೀರಾಗ ಹಾಕಬೇಕು ಅನ್ನೂದೂ ಅವನ ತಲಿಯಾಗ ಅದ.

ಬಿತ್ತೂದು ಹೆಣ್ಮಕ್ಕಳ ಕೈಯಾಗರಿ. ಬಟ್ಟಲಕ್ಕ ಕಾಳು ಬಿಡೂ ಮುಷ್ಟಿ ಲೆಕ್ಕ ಅವರಿಗಷ್ಟ ಗೊತ್ತು. ನಿಮ್ಮ ಯಾದಿಯಾಗ ಒಬ್ಬ ಹೆಣ್ಮಗಳೂ ಇಲ್ಲ ನೋಡ್ರಿ.

ಹೊಸದುರ್ಗದವ

ಇದು ಹೊಳೆದಿರಲಿಲ್ಲ, ಸೇರಿಸ್ತೀನಿ. ಬೀಜ ಕಾಯ್ದಿಡೋದು, ಬೂದಿ ಬೆರೆಸಿ ಹಗೇವು (ನೆಲದೊಳಗಿನ ಕಾಳಿನ ಗುಂಡಿ) ತುಂಬೋದು, ಅದೆಲ್ಲ ಹೆಂಗಸರದ್ದೇ.

ಗಡಿನಾಡು ಕನ್ನಡಿಗ

ಕಾಸರಗೋಡು ಕಡೆಯಿಂದ ಬರೆಯುತ್ತಿದ್ದೇನೆ. ಕರೆಂಟ್ ಇಲ್ಲದೆ ನೀರು ಹೇಗೆ ಅಂತ ಯಾರೂ ಕೇಳಲೇ ಇಲ್ಲ ಮಾರಾಯ್ರೆ!

ನಮ್ಮಲ್ಲಿ ಸುರಂಗ ಉಂಟು. ಕಾಸರಗೋಡು, ಪುತ್ತೂರು, ಬಂಟ್ವಾಳದ ಮುರಕಲ್ಲು ಗುಡ್ಡಗಳಿಗೆ ಅಡ್ಡಕ್ಕೆ ಕೊರೆದ ಬಾವಿ ಅಂತ ಇಟ್ಟುಕೊಳ್ಳಿ. ಒಬ್ಬ ಬಗ್ಗಿ ನಡೆಯುವಷ್ಟು ಅಗಲ. ಬಾಯಿಯ ಕಡೆಗೆ ತುಸು ಇಳಿಜಾರು ಇರುತ್ತದೆ, ನೀರು ತಾನಾಗಿ ಹರಿದು ಬಂದು ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಹಗ್ಗ ಸಹ ಬೇಡ. ಕೊರೆಯುವವರು ಒಳಗೆ ದೀಪ ಇಲ್ಲವೇ ಮೊಂಬತ್ತಿ ಹಚ್ಚಿಟ್ಟುಕೊಳ್ಳುವುದು ಬೆಳಕಿಗೆ ಮಾತ್ರ ಅಲ್ಲ. ಅದು ನಂದಿದರೆ ಗಾಳಿ ಇಲ್ಲ ಅಂತ ಅರ್ಥ, ಹೊರಗೆ ಬರಬೇಕು. ಮಣ್ಣಿನ ಪಸೆ, ಹುತ್ತ, ಕೆಲವು ಮರಗಳನ್ನು ನೋಡಿ ಎಲ್ಲಿ ಕೊರೆಯಬೇಕು ಅಂತ ಹೇಳುತ್ತಾರೆ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಅಡಿಕೆ ಕೊಯ್ಯುವ ಕೂಲಿಗೆ ಹೋಗುತ್ತಾ, ಬಿಡುವಿನಲ್ಲಿ ಒಬ್ಬರೇ ಸುರಂಗ ಕೊರೆದವರು. ಒಂದಾದ ಮೇಲೊಂದು ವ್ಯರ್ಥವಾಗುತ್ತಾ ಹೋದರೂ ಬಿಡದೆ ಕೊರೆದು, ಕೊನೆಗೆ ನೀರು ಸಿಕ್ಕಿ ಬೋಳುಗುಡ್ಡದಲ್ಲಿ ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪದ್ಮಶ್ರೀ ಬಂತು, ಸಂತೋಷ. ಹೊಸ ಸುರಂಗ ಕೊರೆಸುವವರು ಮಾತ್ರ ಇಲ್ಲ. ಬೋರ್‌ವೆಲ್ ಲಾರಿ ಒಂದೇ ದಿನದಲ್ಲಿ ಕೊರೆದು ಹೋಗುತ್ತದೆ. ಕೊರೆಯುವವರಿಗೆಲ್ಲ ವಯಸ್ಸಾಯಿತು, ಕೆಲಸವೇ ಇಲ್ಲದಿದ್ದರೆ ಮಕ್ಕಳಿಗೆ ಕಲಿಸುವುದು ಎಲ್ಲಿ?

ಗಾರೆ ಮೇಸ್ತ್ರಿ

ಮನೆ ಬಿದ್ದರೆ ಕಟ್ಟೋದು ಯಾರು ಅನ್ನೋದಕ್ಕೆ ನಾನು ಹೇಳ್ತೀನಿ. ಸಿಮೆಂಟ್ ಮರೆತುಬಿಡಿ. ಅದನ್ನ ಸುಡೋಕೆ 1,450 ಡಿಗ್ರಿ ಬೇಕು, ಫ್ಯಾಕ್ಟರಿ ಬೇಕು. ಸುಣ್ಣದ ಕಲ್ಲು ಇಲ್ಲವೇ ಕಪ್ಪೆಚಿಪ್ಪು 900ರ ಆಸುಪಾಸಿನಲ್ಲಿ ಸುಡುತ್ತೆ, ಸೌದೆ ಗೂಡು ಸಾಕು. ಕೃಷ್ಣರಾಜಸಾಗರ ಕಟ್ಟೆ 1911ರಲ್ಲಿ ಶುರುವಾಗಿ 1932ಕ್ಕೆ ಮುಗೀತಲ್ಲ, ಅದು ನಿಂತಿರೋದು ಸುರ್ಕಿ ಗಾರೆ ಮೇಲೆ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆ ಪುಡಿ, ಸುಣ್ಣದ ಜೊತೆ ಅರೆದರೆ ನೀರಲ್ಲೂ ಗಟ್ಟಿಯಾಗುತ್ತೆ.

ಈ ಕೆಲಸ ಪೂರ್ತಿ ಸತ್ತಿಲ್ಲ. ಹಳೇ ದೇವಸ್ಥಾನ, ಅರಮನೆ, ಬಂಗಲೆ ರಿಪೇರಿಗೆ ಸಿಮೆಂಟ್ ಹಾಕಬಾರದು ಅಂತ ಆದಮೇಲೆ ನಮ್ಮಂಥೋರಿಗೆ ಮತ್ತೆ ಕರೆ ಬಂತು. ಸುಣ್ಣ ನೆನೆಹಾಕಿ ವಾರಗಟ್ಟಲೆ ಕೊಳೆಸೋದು, ಅರೆಯೋ ಚಕ್ಕಿ, ಬೆಲ್ಲದ ನೀರು, ಅಳಲೆಕಾಯಿ ನೀರು, ಎಲ್ಲ ಮತ್ತೆ ಶುರುವಾಯ್ತು. ಈಗ ನನ್ನ ಕೈಕೆಳಗೆ ಹುಡುಗರಿದ್ದಾರೆ, ಅದರಲ್ಲಿ ಇಬ್ಬರು ಇಂಜಿನಿಯರಿಂಗ್ ಓದಿದೋರು. ಅವರು ಬಂದಿದ್ದು ಪರಂಪರೆ ಮೇಲಿನ ಪ್ರೀತಿಗೆ ಅಂತ ಹೇಳ್ಕೋತಾರೆ. ಕೂಲಿ ಸಿಗದಿದ್ದರೆ ಎಷ್ಟು ದಿನ ಇರ್ತಿದ್ರು ಅಂತ ನನಗೆ ಗೊತ್ತು ಬಿಡಿ.

ಇತಿಹಾಸ ಮೇಷ್ಟ್ರು

ಮೇಸ್ತ್ರಿಗಳು ಹೇಳಿದ್ದೇ ಫ್ರಾನ್ಸಿನಲ್ಲೂ ಆಯಿತು. ಬರ್ಗಂಡಿಯ ಗೆಡೆಲಾನ್ ಎಂಬಲ್ಲಿ 1997ರಿಂದ ಹದಿಮೂರನೇ ಶತಮಾನದ ಸಲಕರಣೆಗಳಲ್ಲೇ ಒಂದು ಕೋಟೆ ಕಟ್ಟುತ್ತಿದ್ದಾರೆ. ಮೊದಮೊದಲು ಇದು ಹುಚ್ಚಾಟ ಅನಿಸಿತ್ತು. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಮಾಡು ಸುಟ್ಟುಹೋದಾಗ, ಓಕ್ ಮರವನ್ನು ಕೊಡಲಿಯಲ್ಲೇ ಕೆತ್ತಿ ತೊಲೆ ಮಾಡಬಲ್ಲವರು ಬೇಕಾದರು. ಗೆಡೆಲಾನಿನಲ್ಲಿ ಪಳಗಿದ ಬಡಗಿಗಳು ಅಲ್ಲಿ ಕೆಲಸಕ್ಕೆ ಬಂದರು. ಚರ್ಚು 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಪ್ರವಾಸಿಗರ ಟಿಕೆಟ್ ದುಡ್ಡು ಆ ಬಡಗಿಗಳ ಸಂಬಳ ಕೊಟ್ಟು ಇಟ್ಟುಕೊಂಡಿತ್ತು ಅನ್ನುವುದನ್ನು ಮರೆಯಬಾರದು.

ಕೇರಿಯವ

ಎಲ್ಲರ ಬರಹ ಓದಿದೆ. ಒಬ್ಬರೂ ಚಕಾರ ಎತ್ತದ ವಿಷಯ ಒಂದಿದೆ.

ಕುಲುಮೆಗೆ ಗಾಳಿ ಊದೋ ಹಳೇ ತಿದಿ ಚರ್ಮದ್ದು. ಎತ್ತು ಕಟ್ಟಿ ಬಾವಿ ನೀರು ಎತ್ತೋ ಕಪಿಲೆ ಬಾನಿ ಚರ್ಮದ್ದು. ನೊಗದ ಮಿಣಿ ಚರ್ಮದ್ದು. ಚರ್ಮ ಹದ ಮಾಡಿದವರು ಯಾರು? ನಮ್ಮ ತಾತ. ತಂಗಡಿ ತೊಗಟೆ ಕುಟ್ಟಿ, ಸುಣ್ಣದ ಗುಂಡಿಯಲ್ಲಿ ಕೈ ಸುಟ್ಟುಕೊಂಡು ಮಾಡಿದ ಕೆಲಸ. ಅದಕ್ಕೆ ಸಿಕ್ಕಿದ್ದು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಪಡೆದ ಆಯ, ಅಂದರೆ ಕೊಟ್ಟಷ್ಟು ಕಾಳು. ಇಷ್ಟು ಕೊಡಿ ಅಂತ ಕೇಳೋ ಹಾಗಿರಲಿಲ್ಲ. ಕೆಲಸ ಬಿಡ್ತೀನಿ ಅನ್ನೋ ಹಾಗೂ ಇರಲಿಲ್ಲ.

ನೀರುಗಂಟಿ ವಿಷಯ ತಗೊಳ್ಳಿ. ಹಳೇ ಮೈಸೂರು ಕಡೆ ಕೆರೆ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನಡೆಸಿದವರು ಬಹುಪಾಲು ನಮ್ಮವರೇ. ಬರಗಾಲದಲ್ಲಿ ಇರೋ ನೀರನ್ನ ಕೊನೇ ಗದ್ದೆಗೂ ಮುಟ್ಟಿಸೋ ಲೆಕ್ಕ ಅವರದ್ದು. ಅವರನ್ನೇ ಯಾಕಿಟ್ಟರು? ಸ್ವಂತ ಗದ್ದೆ ಇಲ್ಲದವನು ಪಕ್ಷಪಾತ ಮಾಡಲಾರ ಅಂತ. ಊರಿನ ನೀರೆಲ್ಲ ಅವನ ಕೈಯಲ್ಲಿ, ಕುಡಿಯೋ ಬಾವಿ ಮಾತ್ರ ಅವನು ಮುಟ್ಟಬಾರದು. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋದವು. ಹೋಗಿದ್ದು ಒಳ್ಳೆಯದೇ. ಅವನಿಗೆ ಗೊತ್ತಿದ್ದನ್ನ ಸಂಬಳದ ಕೆಲಸವಾಗಿ ಮುಂದುವರಿಸೋಣ ಅಂತ ಮಾತ್ರ ಯಾರಿಗೂ ಅನಿಸಲಿಲ್ಲ. ತೂಬು ಇಲಾಖೆಗೆ ಹೋಯ್ತು, ಕೆರೆಯಲ್ಲಿ ಹೂಳು ತುಂಬಿತು.

ಈಗ ನೀವೆಲ್ಲ "ವ್ಯವಸ್ಥೆ ಕುಸಿದರೆ ಈ ಕಸುಬು ಬೇಕಾಗುತ್ತೆ, ಉಳಿಸೋಣ" ಅಂತೀರಿ. ನನಗೆ ಕೇಳಿಸೋದು ಬೇರೆ. ಕುಸಿದ ಮೇಲೆ ಚರ್ಮ ಹದ ಮಾಡೋಕೆ ಯಾರ ಮನೆ ಬಾಗಿಲಿಗೆ ಬರ್ತೀರಿ ಅಂತ ನನಗೆ ಗೊತ್ತು. ನನ್ನ ಮಗಳು ನರ್ಸಿಂಗ್ ಓದ್ತಿದ್ದಾಳೆ. ಅವಳು ಕಲಿಯಲ್ಲ. ಬೇಕಿದ್ದರೆ ನಿಮ್ಮ ಮಗನನ್ನ ಕಳಿಸಿ, ನಮ್ಮ ತಾತನ ತಮ್ಮ ಇನ್ನೂ ಇದ್ದಾರೆ, ಕಲಿಸ್ತಾರೆ. ಪುಕ್ಕಟೆ ಅಲ್ಲ.

ಪಿಕ್ಸೆಲ್ ಪುಟ್ಟ

ಎಲ್ಲದಕ್ಕೂ ಜಾತಿ ತರಬೇಕಾ? ಇಲ್ಲಿ ತಂತ್ರಜ್ಞಾನದ ಚರ್ಚೆ ನಡೀತಿದೆ.

ಕುಲುಮೆ ಮನೆ

ಪುಟ್ಟ ಅವರೇ, ಅವರು ತಂದಿದ್ದಲ್ಲ, ಅದು ಇದರೊಳಗೇ ಇದೆ. ನಮ್ಮಪ್ಪ ಕುಲುಮೆಯಲ್ಲಿ ಕೂತಿದ್ದಾಗ ಊರ ಗೌಡರ ಮಗ, ನನಗಿಂತ ಚಿಕ್ಕವನು, ಅಪ್ಪನನ್ನ ಏಕವಚನದಲ್ಲಿ ಕೂಗ್ತಿದ್ದ. ನಾನು ಪೀಣ್ಯದಲ್ಲಿ ಅದೇ ಕಬ್ಬಿಣದ ಕೆಲಸ ಮಾಡ್ತೀನಿ, ಎಲ್ಲರೂ ಸರ್ ಅಂತಾರೆ. ಸಂಬಳಕ್ಕೆ ಮಾತ್ರ ಊರು ಬಿಟ್ಟೆ ಅಂದುಕೊಂಡಿದ್ದೀರಾ?

ಬಾಗಲಕೋಟಿ ಹುಡುಗ

ಕೇರಿಯವ ಅಣ್ಣಾರ, ನಿಮ್ಮ ಮಾತಿಗೆ ನಾ ಏನೂ ಎದುರು ಹೇಳಂಗಿಲ್ರಿ. ಒಂದು ಕೇಳಬೇಕಾಗಿತ್ತು. ಬ್ಯಾರೆ ಮಂದಿ ಕಲಿಯಾಕ ಬಂದ್ರ ನಿಮ್ಮ ಅಜ್ಜಾರು ಖರೇನ ಕಲಸ್ತಾರೇನು?

ಕೇರಿಯವ

ಕೇಳಿ ನೋಡಿದೆ. "ಮೂಗು ಮುಚ್ಚಿಕೊಂಡು ಬರೋನು ಬೇಡ" ಅಂದರು. ಬೇರೆ ಷರತ್ತಿಲ್ಲ.

ಚಳ್ಳಕೆರೆ ಕಂಬಳಿ

ಸ್ವಲ್ಪ ಪಕ್ಕದ ವಿಷಯ, ಸಹಿಸಿಕೊಳ್ಳಿ. ಕೈ ಉಳಿಸಿದರೆ ಸಾಲದು, ಕೈಗೆ ಬೇಕಾದ ಸಾಮಾನೂ ಉಳಿಯಬೇಕು. ನಮ್ಮ ಕಡೆ ಕಂಬಳಿ ನೇಯೋರು ಇನ್ನೂ ಇದ್ದಾರೆ. ಕರೀ ಕುರಿ ಉಣ್ಣೆ, ಕೈಯಲ್ಲಿ ನೂತ ನೂಲು, ಹುಣಸೆಬೀಜದ ಗಂಜಿ ಹಚ್ಚಿ ಹಾಸು ಬಿಗಿಯೋದು. ಮಳೆ ಹನಿ ಒಳಗಿಳಿಯಲ್ಲ. ಆದರೆ ಈಗ ಕುರಿ ಸಾಕೋದು ಮಾಂಸಕ್ಕೆ, ಉಣ್ಣೆ ಚೆನ್ನಾಗಿರೋ ತಳಿ ಕಮ್ಮಿಯಾಗ್ತಿದೆ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಸಂಶೋಧನಾ ಸಂಸ್ಥೆಗಳ ಬೇಲಿಯೊಳಗೆ ಹೋಯ್ತು. ಹುಲ್ಲು ಹೋದರೆ ಕುರಿ, ಕುರಿ ಹೋದರೆ ಉಣ್ಣೆ. ಆಮೇಲೆ ಮಗ್ಗ ಇಟ್ಟುಕೊಂಡು ಏನು ಮಾಡೋದು? ಕುಲುಮೆಯವರಿಗೂ ಇದ್ದಿಲಿನ ಕಷ್ಟ ಇರಬೇಕಲ್ಲ?

ಕುಲುಮೆ ಮನೆ

ಇದೆ. ಸೌದೆ ಇದ್ದಿಲು ಸುಡೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಕಾಟ. ತಮ್ಮ ಈಗ ತಿಪಟೂರು ಕಡೆಯ ತೆಂಗಿನ ಚಿಪ್ಪಿನ ಇದ್ದಿಲು ತರಿಸ್ತಾನೆ, ಚೆನ್ನಾಗೇ ಕಾಯುತ್ತೆ. ತೆಂಗು ಇರೋವರೆಗೂ ತೊಂದರೆ ಇಲ್ಲ.

ಇನ್ನೊಂದು ಹೇಳಿಬಿಡ್ತೀನಿ. ಕೆಲವರು ಅದಿರಿನಿಂದ ಕಬ್ಬಿಣ ತೆಗೆಯೋದನ್ನ ಮತ್ತೆ ಕಲೀಬೇಕು ಅಂತ ಕನಸು ಕಾಣ್ತಾರೆ. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡೋದನ್ನ ಕಂಡು ಬರೆದಿಟ್ಟಿದ್ದಾನೆ, ಅಂಥ ಉಕ್ಕು ದೂರದ ದೇಶಗಳಿಗೂ ಹೋಗ್ತಿತ್ತು, ಆಮೇಲೆ ಮಾಡೋರು ಇಲ್ಲವಾದರು, ಎಲ್ಲ ಸರಿ. ಅದು ಹೆಮ್ಮೆ ವಿಷಯ. ಆದರೆ ಆಪತ್ತಿನ ಲೆಕ್ಕಕ್ಕೆ ಅದು ಬೇಡ. ಹೆದ್ದಾರಿ ಪಕ್ಕ ನಿಂತ ಲಾರಿಗಳ ಪಾಟಾ ಒಂದೇ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಕು. ಮಡಕೆಯೂ ಅಷ್ಟೇ, ಸ್ಟೀಲ್ ಪಾತ್ರೆ ಎಲ್ಲೂ ಹೋಗಲ್ಲ. ಮೊದಲು ಸವೆದು ಕೈಕೊಡೋದು ಅಲಗು, ಹಗ್ಗ, ಚಕ್ರದ ಪಟ್ಟಿ, ನೀರಿನ ದಾರಿ. ಅದನ್ನ ಹಿಡೀರಿ. ಮೋಟರ್ ರಿವೈಂಡಿಂಗ್ ಮಾಡೋ ಹುಡುಗರನ್ನೂ ಬಿಡಬೇಡಿ. ಹಳೇ ಕಸುಬು ಅಂತ ಅವರನ್ನ ಹೊರಗಿಟ್ಟರೆ ದಡ್ಡತನ.

ಹೊಸದುರ್ಗದವ

ಊರಲ್ಲಿ ಕೂತು ಮತ್ತೆ ಮಾತಾಡಿದ್ವಿ. ವಿಡಿಯೋ ಯೋಜನೆ ಪಕ್ಕಕ್ಕಿಟ್ಟಿದ್ದೀವಿ. ಕ್ಯಾಮರಾಕ್ಕೆ ಅಂತ ಎತ್ತಿಟ್ಟ ದುಡ್ಡು ಹಾಗೇ ಇದೆ.

ಪಿಎಂ ವಿಶ್ವಕರ್ಮ ಯೋಜನೆಯನ್ನೂ ನೋಡಿದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾಗಿದ್ದು, 18 ಕಸುಬು, ಸಲಕರಣೆಗೆ 15,000 ರೂಪಾಯಿವರೆಗೆ, ಕಡಿಮೆ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಕಮ್ಮಾರ, ಬಡಗಿ, ಕುಂಬಾರ, ಚಪ್ಪಲಿ ಮಾಡೋರು ಇದ್ದಾರೆ. ಸುರಂಗ ಕೊರೆಯೋರು, ನೀರುಗಂಟಿ, ಲಾಳ ಕಟ್ಟೋರು ಅದರಲ್ಲಿಲ್ಲ. ಮೂಲ ತರಬೇತಿ ಒಂದು ವಾರದ್ದು. ಇರೋರಿಗೆ ಒಳ್ಳೇ ಸಲಕರಣೆ ಸಿಗುತ್ತೆ, ಅದು ಸಣ್ಣದಲ್ಲ. ಹೊಸ ಗಿರಾಕಿ ಸಿಗಲ್ಲ.

ಹಾಗಾಗಿ ನಾವು ಗಿರಾಕಿಗಳಾಗೋಣ ಅಂತ. ನಮ್ಮೂರ ಸಂಘದಲ್ಲಿ ಇರೋ ಮನೆಯೋರು ಕುಡುಗೋಲು, ಮಚ್ಚು, ಗುದ್ದಲಿ ಪೇಟೆಯಲ್ಲಿ ಕೊಳ್ಳಲ್ಲ, ಮುಂಗಡ ಕೊಟ್ಟು ಕುಲುಮೆಯಲ್ಲೇ ಮಾಡಿಸ್ತೀವಿ. ಬೆಲೆ ಕುಲುಮೆಯೋರು ಹೇಳಿದ್ದೇ. ಚೌಕಾಸಿ ಇಲ್ಲ ಅಂತ ಬರೆದುಕೊಂಡಿದ್ದೀವಿ, ಇಬ್ಬರು ಸಿಡುಕಿದರು. ಕಲಿಯೋ ಹುಡುಗ ಯಾವ ಜಾತಿಯವನಾದರೂ ಸರಿ, ಹುಡುಗಿ ಆದರೂ ಸರಿ, ಕೂಲಿ ಸಂಘದ್ದು. ಕಲಿಸೋರಿಗೆ ಬೇರೆ. ಕೇರಿಯವರೇ, ನಿಮ್ಮ ಅಜ್ಜನ ಹತ್ತಿರ ನನ್ನ ತಮ್ಮನ ಮಗ ಬರ್ತೀನಿ ಅಂತಿದ್ದಾನೆ. ಮನೇಲಿ ಜಗಳ ಆಗಿದೆ, ಆದರೂ ಬರ್ತಾನೆ.

ಕೇರಿಯವ

ಬರಲಿ. ಮೊದಲ ದಿನ ಊಟ ನಮ್ಮ ಮನೇಲಿ. ಉಂಡರೆ ಪಾಠ.

ಗಾರೆ ಮೇಸ್ತ್ರಿ

ಚೌಕಾಸಿ ಇಲ್ಲ ಅನ್ನೋದನ್ನ ಗಟ್ಟಿ ಹಿಡ್ಕೊಳ್ಳಿ. ಎರಡನೇ ವರ್ಷ ಪೇಟೆ ಕುಡುಗೋಲು ಅರ್ಧ ಬೆಲೆಗೆ ಕಂಡಾಗ ಸಂಘ ಅಲ್ಲಾಡುತ್ತೆ.

ಕುಲುಮೆ ಮನೆ

ತಮ್ಮನಿಗೆ ಫೋನಲ್ಲಿ ಓದಿ ಹೇಳಿದೆ. ಹೊಸದುರ್ಗದಿಂದ ನಮ್ಮೂರು ದೂರ, ಆದರೂ ನಿಮ್ಮ ಕುಲುಮೆಯವರಿಗೆ ಕೈಗೆ ಆಳು ಬೇಕಿದ್ದರೆ ಸುಗ್ಗಿ ಮುಗಿದ ಮೇಲೆ ಬಂದು ಇರ್ತಾನಂತೆ. ಚಮ್ಮಟಿಗೆ ಹೊಡೆಯೋಕೆ ಒಬ್ಬರು ಸಾಲಲ್ಲ. ಯಾರಿಗೆ ಎಂಥ ಕುಡುಗೋಲು ಬೇಕು ಅಂತ ಮೊದಲೇ ಬರೆಸಿಕೊಳ್ಳಿ. ರಾಗಿಗೆ ಬೇರೆ, ಹುಲ್ಲಿಗೆ ಬೇರೆ.

ಬಾಗಲಕೋಟಿ ಹುಡುಗ

ನಮಗೂ ಒಂದು ಬೇಕಾಗಿತ್ತರಿ, ಬಸ್ಸಿಗೆ ಹಾಕಿ ಕಳಸ್ತೀರೇನು? ನಮ್ಮವ್ವ ಎಡಚಿ. ಪ್ಯಾಟಿಯಾಗ ಸಿಗೂ ಹಲ್ಲಿನ ಕುಡಗೋಲೆಲ್ಲ ಬಲಗೈಯವರಿಗೆ ಮಾಡಿದ್ದು, ಜೋಳ ಕೊಯ್ಯೂ ಮುಂದ ಜಾರತಾವ.

ಕುಲುಮೆ ಮನೆ

ಆಗುತ್ತೆ. ಹಲ್ಲನ್ನ ಆ ಕಡೆ ಮೈಗೆ ಕೊರೀಬೇಕು ಅಷ್ಟೆ. ಅಮ್ಮನ ಕೈ ಅಳತೆ ಕಳಿಸಿ, ಹಿಡಿಕೆಗೆ. ಟೇಪ್ ಬೇಡ, ಹಾಳೆ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆದರೆ ಸಾಕು.